ಚಿಕ್ಕವಳ ಕೈ

ಮಾರ್ಚ್ ೯, ಸೋಮವಾರ

ತಮ್ಮನಿಗೆ,

ಆಶೀರ್ವಾದ ಆಮೇಲೆ, ಮೊದಲು ನನ್ನ ಸಿಟ್ಟು ಓದಿಕೋ. ಫೋನಿನಲ್ಲಾದರೆ ಅಕ್ಕಾ ಅಕ್ಕಾ ಎಂದು ನನ್ನ ಬಾಯಿ ಮುಚ್ಚಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಅಭ್ಯಾಸದಲ್ಲಿ ಎಲ್ಲ ಹುಡುಗಿಯರ ಎದುರಿಗೆ ನನ್ನ ಚಿಕ್ಕವಳನ್ನು ನಿಲ್ಲಿಸಿ, ನಿನಗೆಷ್ಟು ಕೈ ಇದೆಯೇ, ಒಂದೊಂದು ಬಾಲಿಗೆ ಒಂದೊಂದು ಕೈ ತರ್ತೀಯಲ್ಲ ಎಂದೆಯಂತೆ. ಹುಡುಗಿಯರು ನಕ್ಕರಂತೆ. ಶನಿವಾರದೊಳಗೆ ಬೌಲಿಂಗ್ ಒಂದು ಹದಕ್ಕೆ ಬರದಿದ್ದರೆ ಭಾನುವಾರದ ಆಯ್ಕೆಗೆ ಹೆಸರು ಕೊಡಲ್ಲ ಎಂದೂ ಹೇಳಿದೆಯಂತೆ. ನೀನು ಅವಳ ಕೋಚ್ ಇರಬಹುದು, ಸೋದರಮಾವನೂ ಹೌದಲ್ಲವೇ? ಅವಳ ಅಕ್ಕ ಜ್ವರದಲ್ಲಿ ಹೋಗಿ ಇನ್ನೂ ಹದಿನಾಲ್ಕು ತಿಂಗಳು. ಆವತ್ತು ನನ್ನ ಹೆಗಲು ಹಿಡಿದು, ಚಿಕ್ಕವಳನ್ನ ನನಗೆ ಬಿಡು, ನಾನು ನೋಡ್ಕೋತೀನಿ ಅಂದವನು ನೀನೇ. ನೋಡಿಕೊಳ್ಳುವುದೆಂದರೆ ಇದೇನಾ?

ನಿನ್ನ ದೂರು ಶುದ್ಧ ಸುಳ್ಳು. ದಿನಕ್ಕೆ ನಾನೂರು ಕಾಲರ್ ಹೊಲಿಯುವವಳು ನಾನು. ಒಂದರ ಹಾಗೆ ಇನ್ನೊಂದು ಬರುವುದೆಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ದಿನಾ ಎರಡು ಸಾಲು ಡೈರಿ ಬರೆಯುತ್ತೇನಲ್ಲ, ಫೆಬ್ರವರಿಯಿಂದ ತಿರುವಿ ನೋಡಿದೆ. ಕಾರ್ಖಾನೆಯಿಂದ ಬೇಗ ಬಂದ ದಿನವೆಲ್ಲ ಮಹಡಿಯ ಕಿಟಕಿಯಲ್ಲಿ ನಿಂತಿದ್ದೇನೆ. ಅವಳು ಕೆಳಗೆ ಕಾಂಪೌಂಡ್ ಗೋಡೆಗೆ ಸೀಮೆಸುಣ್ಣದಲ್ಲಿ ಸ್ಟಂಪಿನ ಹಾಗೆ ಮೂರು ಗೆರೆ ಎಳೆದುಕೊಂಡು ಎಸೆಯುತ್ತಾಳೆ. ಹನ್ನೊಂದು ಹೆಜ್ಜೆ ಓಟ, ಕೊನೆಗೊಂದು ಎತ್ತರದ ಜಿಗಿತ, ಎಡಗೈ ನೆಟ್ಟಗೆ ಮೇಲಕ್ಕೆ, ಬಲಗೈ ಕಿವಿ ಸವರಿಕೊಂಡು ಬರುತ್ತದೆ. ಆರಕ್ಕೆ ಆರೂ ಅಚ್ಚು ಹಾಕಿದ ಹಾಗೆ. ಥೇಟ್ ದೊಡ್ಡವಳೇ. ನೋಡಿದ ದಿನ ನನಗೆ ಊಟ ಸೇರುತ್ತದೆ, ಅದನ್ನೂ ಬರೆದಿಟ್ಟಿದ್ದೇನೆ.

ಮನೆಯಲ್ಲಿ ಒಂದೇ ಸಮ ಎಸೆಯುವವಳು ನಿನ್ನ ಮೈದಾನದಲ್ಲಿ ಕೆಡುತ್ತಾಳೆ ಎಂದರೆ ಕೆಡಿಸುತ್ತಿರುವವರು ಯಾರು? ಜಿಗಿತ ಬಿಡು, ಕೈ ಸ್ವಲ್ಪ ಪಕ್ಕಕ್ಕೆ ಬೀಸ್ತೀಯಲ್ಲ, ಅದನ್ನೇ ಇಟ್ಕೋ ಎನ್ನುತ್ತೀಯಂತೆ. ದೊಡ್ಡವಳಿಗೆ ಆ ಜಿಗಿತ ಕಲಿಸಿದವನು ನೀನು. ಈಗ ಅದು ಬೇಡವಾಯಿತೇ? ಅವಳ ಜೊತೆ ಅದೂ ಹೋಗಿಬಿಡಲಿ ಅಂತಲಾ? ಚಿಕ್ಕವಳು ಸೊಂಟ ಹಿಡಿದುಕೊಂಡು ಮಲಗುತ್ತಾಳೆ, ಅಷ್ಟು ದುಡಿಸುತ್ತೀಯ.

ಅದೇ ಹುಡುಗಿಯರ ಎದುರಿಗೆ ಅವಳಿಗೆ ತಪ್ಪಾಯಿತು ಅನ್ನು. ಇಲ್ಲವಾದರೆ ಅವಳನ್ನು ನಿನ್ನ ಕೈಯಿಂದ ಬಿಡಿಸುತ್ತೇನೆ.

ಇಂತಿ,
ನಿನ್ನ ಮಾತು ನಂಬಿ ಕೆಟ್ಟ ಅಕ್ಕ

ತಾ.ಕ.: ಮಂಗಳವಾರ. ಮಾಮನಿಗೆ ಹೇಗೆ ಬಿಸಿ ಮುಟ್ಟಿಸಿದ್ದೇನೆ ನೋಡು ಎಂದು ಲಕೋಟೆ ಅಂಟಿಸುವ ಮುಂಚೆ ಅವಳಿಗೆ ಇದನ್ನು ಓದಿದೆ. ಅವಳು ನಗಲಿಲ್ಲ. ಮಾಮನ್ನ ಬೈಬೇಡಮ್ಮ, ಅವರು ಇಟ್ಕೋ ಅಂದಿದ್ದೇ ನನ್ನ ಕೈ, ಜಿಗಿದು ಹಾಕೋದು ಅಕ್ಕಂದು, ನೀನು ಕಿಟಕಿಗೆ ಬಂದಾಗ ಮಾತ್ರ ಹಾಕ್ತೀನಿ, ಸೊಂಟ ನೋಯೋದು ಅದಕ್ಕೇ ಎಂದಳು. ಮೈದಾನದಲ್ಲಿ ಯಾವುದು ಬರುತ್ತದೋ ಅವಳಿಗೇ ಗೊತ್ತಾಗುವುದಿಲ್ಲವಂತೆ. ಸಂಜೆ ಕೆಳಗಿಳಿದು ಹೋಗಿ, ನಿನ್ನದೇ ಹಾಕು ಎಂದೆ. ಆರು ಹಾಕಿದಳು. ನನ್ನ ಕಣ್ಣಿಗೆ ಅದು ಚೆನ್ನಾಗಿ ಕಾಣಲಿಲ್ಲ. ಆರರಲ್ಲಿ ಐದು ಆ ಗೆರೆಗಳಿಗೇ ಬಿದ್ದವು. ಅವಳ ಹೆಸರು ಕೊಡು.