ಒತ್ತು ತಪ್ಪಿದ ಪ್ರೇಮಪತ್ರ

ರೀ,

ಹಾಲು ಕಾಯಿಸಿಟ್ಟಿದ್ದೀನಿ. ಕುಡಿದ ಮೇಲೆ ಪಾತ್ರೆ ತೊಳೆದಿಡಿ.

ನೀವು ಆ ಮಹಾರಾಯ್ತಿಗೆ ಇಟಾಲಿಯನ್‌ನಲ್ಲಿ ಬರೆದ ಪ್ರೇಮಪತ್ರ ನನ್ನ ನಿಘಂಟಿನಲ್ಲೇ ಸಿಕ್ತು. ಎರಡು ವರ್ಷ ನಿಮಗೆ ಆ ಭಾಷೆ ಕಲಿಸಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು. ಪಾಠದ ಪುಸ್ತಕದ ಥರ ಕ್ರಿಯಾಪದಕ್ಕೆಲ್ಲ, ಯಾವ ಅಕ್ಷರ ಒತ್ತಿ ಹೇಳ್ಬೇಕು ಅಂತ ತೋರಿಸೋ ಒತ್ತಿನ ಗೆರೆ ಎಳೆದಿದ್ದೀರಿ, ಅದೂ ತಪ್ಪು ಜಾಗದಲ್ಲಿ. 'ಫೋನ್ ಮಾಡ್ತಾರೆ' ಅನ್ನೋದನ್ನ 'ತೆ-ಲೆ-ಫೊ-ನ-ನೊ' ಅಂತ ಐದು ತುಂಡು ಮಾಡಿ 'ಲೆ' ಮೇಲೆ ಒತ್ತಬೇಕು ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ? ಎಲ್ಲಾ ಕೆಂಪು ಪೆನ್ನಲ್ಲಿ ತಿದ್ದಿದ್ದೀನಿ.

ಕೊನೇ ಸಾಲಿನ 'ಆ-ಮೊ' ಮಾತ್ರ ಮುಟ್ಟಿಲ್ಲ. ಒತ್ತು 'ಆ' ಮೇಲಿದ್ರೆ 'ಪ್ರೀತಿಸ್ತೀನಿ'. ನೀವು 'ಮೊ' ಮೇಲೆ ಹಾಕಿದ್ದೀರಿ, ಅಂದ್ರೆ 'ಪ್ರೀತಿಸಿದ', ಯಾವನೋ, ಯಾವತ್ತೋ. ಇಡೀ ಪತ್ರದಲ್ಲಿ ನೀವು ನಿಜ ಬರೆದಿರೋದು ಅದೊಂದೇ ಕಡೆ.

ಹೋಗ್ತಾ ಪೋಸ್ಟಿಗೆ ಹಾಕ್ತೀನಿ. ಸ್ಟಾಂಪು ನಾನೇ ನೆಕ್ಕಿ ಅಂಟಿಸಿದ್ದೀನಿ.