ಕುದಿಸದ ನೀರು

ಪ್ರೀತಿಯ ಕಮಲಕ್ಕ,

ಈ ಚೀಟಿಯನ್ನು ನಿಂತುಕೊಂಡೇ ಓದು. ಇದನ್ನು ಜೀಪಿನಲ್ಲಿ ತಂದ ಪ್ರವೀಣನಿಗೆ ಕಾಫಿ ಕೊಡುತ್ತೇನೆ ಅಂತ ಒಳಗೆ ಹೋಗಬೇಡ. ಕರೆಂಟಿಲ್ಲದೆ ನಿಮ್ಮ ಫೋನು ಸತ್ತು ಬಿದ್ದಿದೆ, ಅವನ ಬಾಯಲ್ಲಿ ಹೇಳಿಸಿದರೆ ನೀನು ನಕ್ಕು ಕಳಿಸುತ್ತೀಯ. ಅದಕ್ಕೇ ಮಡಿಕೇರಿಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ವರ್ಷಗಟ್ಟಲೆ ಸೈನಸ್ ನಿನ್ನ ಪ್ರಾಣ ತಿಂದಿತ್ತು. ಉಪ್ಪುನೀರಿನಲ್ಲಿ ಮೂಗು ತೊಳೆಯಲು ಡಾಕ್ಟರು ಹೇಳಿದಾಗ ನಾನೇನು ಆನೆಯಾ ಅಂತ ನೀನು ನಕ್ಕಿದ್ದೆ. ಆದರೆ ಗುಣ ಕಂಡಿತು. ಈ ಸಲ ತೋಟ ಹೂ ಬಿಟ್ಟಾಗ ಫೋನ್ ಮಾಡಿ, ಎಷ್ಟೋ ಕಾಲದ ಮೇಲೆ ಕಾಫಿ ಹೂವಿನ ಪರಿಮಳ ಸಿಕ್ಕಿತು ಅಂತ ಕಣ್ಣೀರು ಹಾಕಿದೆಯಲ್ಲ, ನನಗೂ ಅಳು ಬಂದಿತ್ತು.

ನೀರು ಕುದಿಸಿ ಆರಿಸಿರಬೇಕು ಅಂತಲೂ ಡಾಕ್ಟರು ಹೇಳಿದ್ದರು. ಆದರೆ ತುಲಾ ಸಂಕ್ರಮಣದ ಕಾವೇರಿ ತೀರ್ಥವನ್ನು ನಿಮ್ಮ ಮನೆಯಲ್ಲಿ ಬಾವಿಗೆ ಸುರಿಯುವುದು ರೂಢಿ. ಕೇಳಿದ್ದಕ್ಕೆ ನನ್ನನ್ನೇ ಗದರಿದೆ: "ಕಾವೇರಮ್ಮನ ಒಲೆ ಮೇಲೆ ಕುದಿಸಿಕೆ ಉಟ್ಟಾ?" ತಾಯಿಯನ್ನು ಯಾರಾದರೂ ಕುದಿಸುತ್ತಾರಾ ಅಂತ. ಅನ್ನಕ್ಕೆ ಅದೇ ನೀರು ಕುದಿಯುತ್ತದಲ್ಲ ಅಂತ ನಾನಂದರೆ, ಅದು ಬೇರೆ, ಔಷಧಿಗೆ ತೀರ್ಥ ಹಸಿಯಾಗಿಯೇ ಇರಬೇಕು ಅಂತ ನೀನಂದೆ. ಬೇಸಿಗೆಗೆ ಬಾವಿ ತಳ ಮುಟ್ಟಿ ನೀರು ತಾನಾಗಿಯೇ ಬೆಚ್ಚಗಿದೆ ಅಂತ ಖುಷಿಯೂ ಪಟ್ಟಿದ್ದೆ.

ಇವತ್ತು ಬೆಳಿಗ್ಗೆ ನಿಮ್ಮಲ್ಲಿಂದ ಪ್ರವೀಣ್ ಬಂದು, ನಿನಗೆ ಜ್ವರ, ತಲೆ ಸಿಡಿಯುತ್ತಿದೆ, ಕತ್ತು ಬಗ್ಗಿಸಲಾಗುತ್ತಿಲ್ಲ, ಹೂವಿನ ವಾಸನೆಯೂ ಮತ್ತೆ ಹೋಗಿದೆಯಂತೆ ಎಂದ. ಬರೀ ಶೀತ ಅಂದುಕೊಂಡು ಮಾತ್ರೆ ಕೇಳಲು ಇಲ್ಲಿಗೆ ಬಂದೆ. ಬಾವಿ ನೀರಿನ ವಿಷಯ ಹೇಳಿದೊಡನೆ ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಬೆಚ್ಚಗಿನ ನಿಂತ ನೀರಿನಲ್ಲಿ ಕಣ್ಣಿಗೆ ಕಾಣದ ಒಂದು ಜೀವಿ ಇರಬಹುದಂತೆ. ಕುಡಿದರೆ ಅದು ಏನೂ ಮಾಡದು. ಮೂಗಿನಿಂದ ಹೋದರೆ ಮಿದುಳಿಗೆ ಹತ್ತುತ್ತದೆ, ಮೊದಮೊದಲು ವಾಸನೆ ಹೋಗುವುದೂ ಉಂಟಂತೆ. ಉಪ್ಪಿಗೂ ಅದು ಸಾಯುವುದಿಲ್ಲ. ಅದೇ ಅಂತ ಈಗಲೇ ಹೇಳಲಾಗದು, ಆದರೆ ಸಂಜೆವರೆಗೆ ಕಾಯದೆ ಕರೆಸಿ ಎಂದರು. ಹೆದರಬೇಡಿ ಅನ್ನಲಿಲ್ಲ. ಆ ಒಂದು ಮಾತು ಅನ್ನಲಿ ಅಂತ ಬಾಗಿಲಲ್ಲೇ ನಿಂತಿದ್ದೆ.

ಹೊರಗೆ ಬರುವಾಗ ಹಿಂದಿನಿಂದ ಕೇಳಿದರು: "ಆ ಮನೇಲಿ ಇನ್ಯಾರಾದ್ರೂ ಮೂಗು ತೊಳೆದಿದ್ದಾರಾ?"

ಅಕ್ಕ, ನೆಗಡಿಯೆಂದು ಮಗಳು ಪೂಜಿತಾಳಿಗೂ ಅದೇ ನೀರಲ್ಲಿ ಮಾಡಿಸಿದೆ, ಅವಳು ಅಳಲೇ ಇಲ್ಲ ಅಂತ ಹೋದ ವಾರ ನೀನೇ ಹೇಳಿದ್ದೆ. ಅವಳನ್ನೂ ಎತ್ತಿಕೊಂಡು ಹಾಗೇ ಜೀಪು ಹತ್ತು. ದೀಪ ಹಚ್ಚಿ ಬರುತ್ತೇನೆ ಅನ್ನಬೇಡ, ಸೀರೆ ಬದಲಿಸಬೇಡ. ದಾರಿಯುದ್ದಕ್ಕೂ ಕಾಫಿ ಹೂ ಇದೆ. ಪರಿಮಳ ಬರುತ್ತಿದೆಯಾ ಅಂತ ಮಗುವನ್ನು ಕೇಳಬೇಡ. ಇಲ್ಲಿಗೆ ಬಂದ ಮೇಲೆ ನಾನೇ ಕೇಳುತ್ತೇನೆ.

ಕಾವೇರಮ್ಮ ನಿಮ್ಮಿಬ್ಬರನ್ನೂ ಕಾಪಾಡಲಿ.

ಆಸ್ಪತ್ರೆಯ ಮೆಟ್ಟಿಲಲ್ಲಿ ದಾರಿ ನೋಡುತ್ತಿರುವ,
ನಿನ್ನ ತಂಗಿ ನೀಲಾವತಿ