ಅಗಸಿ ಹಣಮಪ್ಪನ ಮೂಗು

ಚಿರಂಜೀವಿ ಗೋವಿಂದರಾಜನಿಗೆ ಆಶೀರ್ವಾದ. ಎಲ್ಲರೂ ಆರಾಮ ಇದ್ದೇವೆ ಎಂದು ಬರೆಯಲು ಈ ಸಲ ಕೈ ಏಳುತ್ತಿಲ್ಲ.

ನೀನು ಊರಿಗೆ ಬಂದು ಹೋದ ಮರುದಿನ ಬೆಳಿಗ್ಗೆ ನೋಡಿದರೆ, ಊರ ಬಾಗಿಲಲ್ಲಿರುವ ಅಗಸಿ ಹಣಮಪ್ಪನ ಮೂಗು ಒಡೆದಿತ್ತು. ನೆರೆದವರೆಲ್ಲ ಮೆಹಬೂಬಸಾಬನ ಮನೆಯ ಕಡೆ ತಿರುಗಿ ನೋಡಿದರು. ಅವನ ಮಗ ಅಸ್ಲಮನ ಟೇಲರ್ ಅಂಗಡಿಗೆ ಈಗ ಯಾರೂ ಹೋಗುತ್ತಿಲ್ಲ. ಮೆಹಬೂಬಸಾಬ ಬಂದು ನನ್ನ ಎದುರು ಕುಳಿತು, "ಪಂಪಣ್ಣ, ಪ್ರತಿ ವರ್ಷಾ ಆ ಗುಡಿಗೆ ಸುಣ್ಣಾ ಹೊಡ್ಯಾಂವ ನಾನು. ನಮ್ಮ ಹುಡುಗ ಒಡದಾನಂತ ನೀನೂ ಅಂತೀಯೇನು?" ಅಂದ. ಚಹಾ ಕೊಟ್ಟು ಕಳಿಸಿದೆ.

ನಿನ್ನೆ ಕಾರಟಗಿಯಿಂದ ಮೂರ್ತಿ ಮಾಡುವ ಆಚಾರಿ ಬಂದಿದ್ದ. "ಯಜಮಾನ್ರ, ಹೊಸಾ ಹಣಮಪ್ಪ ತಯಾರಾಗ್ಯಾನ್ರಿ. ಹಳೇದು ಭಿನ್ನ ಆಗೇತಿ, ಲಗೂನ ಮಾಡು ಅಂತ ನಿಮ್ಮ ಗೋವಿಂದರಾಜ ದಸರಾಕ್ಕ ಹೇಳಿದ್ರು" ಅಂದ.

ದಸರಾದಲ್ಲಿ ಆ ಮೂಗು ಸರಿಯಾಗಿತ್ತು, ಮಗನೇ. ಎಣ್ಣೆ ಹಚ್ಚಿದವನು ನಾನೇ.

ನೀನು ಹೊಸ ಮೂರ್ತಿ ಕೂಡಿಸುತ್ತೇನೆ ಅಂದಾಗ, ಒಡೆದು ಭಿನ್ನವಾಗದ ದೇವರನ್ನು ಪೀಠದಿಂದ ಎಬ್ಬಿಸಬಾರದು ಎಂದು ನಾನೇ ತಡೆದಿದ್ದೆ. ಅದು ದೇವರನ್ನು ಕಾಯಲು ಹಿರಿಯರು ಇಟ್ಟ ಮಾತು. ನೀನು ಚಿಕ್ಕವನಿದ್ದಾಗ ನಾನು ಆನೆಗೊಂದಿಯ ಒಡೆದ ಕಲ್ಲಿನ ಮೂರ್ತಿಗಳನ್ನು ತೋರಿಸಿ, ದಂಡೆತ್ತಿ ಬಂದವರ ಕೆಲಸವಿದು ಎನ್ನುತ್ತಿದ್ದೆ. ಕೈ ಮುಗಿಯುವವರೂ ಒಡೆಯುತ್ತಾರೆಂದು ತಿಳಿದಿರಲಿಲ್ಲ.

ಶನಿವಾರ ಹಿರಿಯರು ಕಟ್ಟೆಗೆ ಕೂಡುತ್ತಾರೆ. ಗಂಗಾವತಿಯಿಂದ ಮೊದಲ ಬಸ್ಸಿಗೆ ಬಾ. ಮೊದಲು ಮೆಹಬೂಬಸಾಬನ ಮನೆಗೆ ಹೋಗು, ಆಮೇಲೆ ಕಟ್ಟೆಗೆ ಬಂದು ನಿನ್ನ ಬಾಯಿಂದಲೇ ಹೇಳು. ನೀನು ಬರದಿದ್ದರೆ ನಾನು ಹೇಳುತ್ತೇನೆ.

ಮೂಗಿನ ಚೂರು ಇಲ್ಲಿ ಎಷ್ಟು ಹುಡುಕಿದರೂ ಸಿಕ್ಕಿಲ್ಲ. ನಿನ್ನ ಹತ್ತಿರ ಇದ್ದರೆ ಬಟ್ಟೆಯಲ್ಲಿ ಸುತ್ತಿಕೊಂಡು ತಾ.

ನಿನ್ನ ದೊಡ್ಡಪ್ಪ,
ಪಂಪಣ್ಣ